ಪ್ರವಾಸದಲ್ಲಿ ಶ್ರಾವಕನ ಆಹಾರ: ಬಿಡಾರದ ಅಡುಗೆಯೋ, ಹೊರಗಿನ ಊಟವೋ?

ಸ್ವಂತ ಅಡುಗೆಮನೆ, ಪರಿಚಿತ ಅಂಗಡಿಯ ಧಾನ್ಯ, ಕೈಗೆ ಸಿಗುವಂತೆ ತೂಗುಹಾಕಿದ ನೀರು ಸೋಸುವ ಬಟ್ಟೆ, ಇವುಗಳ ನಡುವೆ ಶ್ರಾವಕಾಚಾರವು ಸರಾಗವಾಗಿ ನಡೆಯುತ್ತದೆ. ಅದೇ ಕುಟುಂಬವು ನಾಲ್ಕು ದಿನ ಪರಸ್ಥಳದಲ್ಲಿ ಇರಬೇಕಾಗಿ ಬಂದಾಗ ಆಚಾರವು ಎಷ್ಟು ಆಳಕ್ಕೆ ಬೇರೂರಿದೆ ಎಂಬುದು ತಿಳಿದುಬರುತ್ತದೆ. ಹಿಂದಿನ ತಲೆಮಾರಿನವರು ಬಹುಮಟ್ಟಿಗೆ ಕ್ಷೇತ್ರಯಾತ್ರೆಗಾಗಿಯೇ ಊರು ಬಿಡುತ್ತಿದ್ದರು. ಬುತ್ತಿ ಕಟ್ಟಿಕೊಂಡು ಹೊರಟು, ಕ್ಷೇತ್ರದ ಧರ್ಮಶಾಲೆಯಲ್ಲಿ ಒಲೆ ಹೂಡಿ, ಪೂಜೆಯ ಅನಂತರ ಒಂದು ಹೊತ್ತು ಉಂಡು ಹಿಂದಿರುಗುತ್ತಿದ್ದರು. ಈಗ ಮಕ್ಕಳ ರಜೆಯಲ್ಲಿ ಗಿರಿಧಾಮಕ್ಕೋ ಕಡಲತೀರಕ್ಕೋ ಹೋಗಿ, ರೆಸಾರ್ಟಿನಲ್ಲಿ ಅಥವಾ ಹೋಂಸ್ಟೇಯಲ್ಲಿ ಇಳಿದುಕೊಳ್ಳುವ ರೂಢಿ ಜೈನ ಮನೆತನಗಳಲ್ಲಿಯೂ ಬೆಳೆದಿದೆ. ಹೊರಡುವ ಮುನ್ನವೇ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಅಲ್ಲಿ ಅಡುಗೆ ಮಾಡಿಕೊಳ್ಳಬೇಕೋ, ಅಥವಾ ಅಲ್ಲಿ ಬಡಿಸಿದ್ದನ್ನು ಉಣ್ಣಬೇಕೋ? ಈ ಪಾಠದಲ್ಲಿ ಆ ಪ್ರಶ್ನೆಯನ್ನು ಶಾಸ್ತ್ರದೃಷ್ಟಿಯಿಂದಲೂ ವ್ಯವಹಾರದೃಷ್ಟಿಯಿಂದಲೂ ವಿಚಾರಿಸಲಾಗಿದೆ.

ಒಂದು ಉದಾಹರಣೆ

ವಿಚಾರವು ಗಾಳಿಯಲ್ಲಿ ತೇಲಬಾರದೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಧಾರವಾಡದ ಕಡೆಯ ಒಂದು ಮನೆ. ಅಜ್ಜಿ ಎರಡನೆಯದಾದ ವ್ರತಪ್ರತಿಮೆಯನ್ನು ಧರಿಸಿದವರು. ಶೋಧದ ಆಹಾರವನ್ನು ಹೊರತು ಬೇರೆ ಮುಟ್ಟುವುದಿಲ್ಲ. ಮಗ ಮತ್ತು ಸೊಸೆ ಇಬ್ಬರೂ ಉದ್ಯೋಗದಲ್ಲಿರುವವರು. ಅಷ್ಟಮೂಲಗುಣಗಳನ್ನು, ರಾತ್ರಿಭೋಜನ ತ್ಯಾಗವನ್ನು, ಕಂದಮೂಲ ತ್ಯಾಗವನ್ನು ಪಾಲಿಸುತ್ತಾರೆ. ಮೊಮ್ಮಕ್ಕಳಿಬ್ಬರು ಮನೆಯ ರೀತಿಯನ್ನು ಅನುಸರಿಸುವವರೇ ಹೊರತು ಇನ್ನೂ ಸ್ವತಃ ನಿಯಮ ತೆಗೆದುಕೊಂಡವರಲ್ಲ. ದಸರೆಯ ರಜೆಯಲ್ಲಿ ಇವರೆಲ್ಲರೂ ನಾಲ್ಕು ದಿನ ಕೊಡಗಿಗೆ ಹೋಗಬೇಕೆಂದು ಆಲೋಚಿಸುತ್ತಾರೆ.

ಇಲ್ಲಿ ಮೂರು ಮಾತುಗಳು ಹುಟ್ಟುತ್ತವೆ. ಮಗ ಹೇಳುತ್ತಾನೆ: "ಎಲ್ಲವೂ ಹೋಟೆಲಿನಲ್ಲಿಯೇ ಆಗಲಿ, ಯಾರಿಗೂ ಕಷ್ಟ ಬೇಡ." ಅಜ್ಜಿ ಹೇಳುತ್ತಾರೆ: "ಹಾಗಾದರೆ ನಾನು ಮನೆಯಲ್ಲಿಯೇ ಇರುತ್ತೇನೆ, ನೀವು ಹೋಗಿ ಬನ್ನಿರಿ." ಸೊಸೆಯು ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ; ಆದರೆ ಅತ್ತೆಯವರು ಬಂದರೆ ತನ್ನ ರಜೆಯೆಲ್ಲ ಒಲೆಯ ಮುಂದೆಯೇ ಕಳೆಯುವುದೆಂದು ಆಕೆಗೆ ಗೊತ್ತು. ಈ ಮೂವರಲ್ಲಿ ಯಾರ ಮಾತನ್ನು ಹಾಗೆಯೇ ನಡೆಸಿದರೂ ಮನೆಗೆ ಹಾನಿಯೇ. ಮೊದಲನೆಯದರಲ್ಲಿ ವ್ರತ ಸಡಿಲುತ್ತದೆ. ಎರಡನೆಯದರಲ್ಲಿ, ವ್ರತವೆಂದರೆ ಮನೆಮಂದಿಯಿಂದ ದೂರವಾಗುವ ಸಾಧನವೆಂದು ಮಕ್ಕಳು ತಿಳಿಯುತ್ತಾರೆ. ಮೂರನೆಯದರಲ್ಲಿ, ಒಬ್ಬರ ಪುಣ್ಯಕ್ಕೆ ಮತ್ತೊಬ್ಬರ ದಣಿವು ಬೆಲೆಯಾಗುತ್ತದೆ. ಆದುದರಿಂದ ಈ ವಿಷಯ ಚಿಕ್ಕದೆಂದು ತಳ್ಳಿಹಾಕತಕ್ಕದ್ದಲ್ಲ.

ಶಾಸ್ತ್ರವು ಎಲ್ಲಿ ನೋಡುತ್ತದೆ?

ಆಹಾರದ ಮಿತಿಯನ್ನು ಹೇಳುವ ವ್ರತವು ಭೋಗೋಪಭೋಗ ಪರಿಮಾಣ. ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ, ಅನ್ನದಂತೆ. ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ, ವಸ್ತ್ರದಂತೆ. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳಲ್ಲಿ ಎಣಿಸಿದ್ದಾರೆ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕ್ರಮದಲ್ಲಿ ಇದು ಶಿಕ್ಷಾವ್ರತಗಳ ಸಾಲಿನಲ್ಲಿ ಬರುತ್ತದೆ. ಎಣಿಕೆಯಲ್ಲಿ ಭೇದವಿದ್ದರೂ ತಾತ್ಪರ್ಯದಲ್ಲಿ ಭೇದವಿಲ್ಲ.

ಈ ವ್ರತಕ್ಕೆ ಇಬ್ಬರು ಆಚಾರ್ಯರೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಎರಡು ಪಟ್ಟಿಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಪ್ರಸ್ತುತ ಪ್ರಶ್ನೆಗೆ ಬಹಳ ಬೆಳಕು ದೊರೆಯುತ್ತದೆ.

ತತ್ತ್ವಾರ್ಥಸೂತ್ರದ ಐದು: ಸಚಿತ್ತ ಆಹಾರ, ಸಚಿತ್ತಸಂಬಂಧ ಆಹಾರ, ಸಚಿತ್ತಸಮ್ಮಿಶ್ರ ಆಹಾರ, ಅಭಿಷವ ಆಹಾರ, ದುಃಪಕ್ವ ಆಹಾರ. ಜೀವಸಹಿತವಾದುದು, ಅದಕ್ಕೆ ತಗಲಿದುದು, ಅದರೊಡನೆ ಬೆರೆತುದು ಎಂಬುವು ಮೊದಲ ಮೂರು. ಅಭಿಷವವೆಂದರೆ ದ್ರವ ಅಥವಾ ವೃಷ್ಯವಾದ ಆಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಸರಿಯಾಗಿ ಬೇಯದುದು ದುಃಪಕ್ವ. ಈ ಐದೂ ತಟ್ಟೆಯಲ್ಲಿ ಇರುವ ಪದಾರ್ಥವನ್ನು ಕುರಿತವು.

ರತ್ನಕರಂಡಕದ ಐದು ಬೇರೆಯ ಬಗೆಯವು: ವಿಷಯವೆಂಬ ವಿಷದಲ್ಲಿ ಆದರವನ್ನು ಬಿಡದಿರುವುದು, ಅನುಭವಿಸಿದ ಭೋಗವನ್ನು ಮತ್ತೆ ಮತ್ತೆ ನೆನೆಯುವುದು, ಅತಿಯಾದ ಲೋಲುಪತೆ, ಮುಂದಿನ ಭೋಗಕ್ಕಾಗಿ ಅತಿಯಾದ ತೃಷೆ, ಭೋಗದ ಸಮಯದಲ್ಲಿ ಅತಿಯಾದ ಆಸಕ್ತಿಯ ಅನುಭವ. ಈ ಐದೂ ಉಣ್ಣುವವನ ಮನಸ್ಸನ್ನು ಕುರಿತವು.

ಇದರಿಂದ ತಿಳಿಯುವುದೇನು? ಶ್ರಾವಕನ ಊಟಕ್ಕೆ ಎರಡು ಪರೀಕ್ಷೆಗಳುಂಟು; ತಟ್ಟೆಯದೊಂದು, ಮನಸ್ಸಿನದೊಂದು. ಹೊರಗೆ ಉಣ್ಣುವವನು ಹೆಚ್ಚಾಗಿ ಮೊದಲನೆಯ ಪರೀಕ್ಷೆಯಲ್ಲಿ ಸೋಲುತ್ತಾನೆ. ಬಿಡಾರದಲ್ಲಿ ಅಡುಗೆ ಮಾಡಿಸಿಕೊಳ್ಳುವವನು ಆ ಪರೀಕ್ಷೆಯಲ್ಲಿ ಗೆದ್ದು, "ರಜೆಯಲ್ಲವೇ, ಇನ್ನೊಂದು ಸಿಹಿ ಆಗಲಿ, ಬಿಸಿ ಬಜ್ಜಿ ಆಗಲಿ" ಎಂದು ಹಟಹಿಡಿದಾಗ ಎರಡನೆಯದರಲ್ಲಿ ಸೋಲುತ್ತಾನೆ. ಎರಡು ಒಲೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳುವುದಕ್ಕೆ ಮೊದಲು, ಬೇಕುಗಳನ್ನು ಎಷ್ಟಕ್ಕೆ ಇಳಿಸಬಹುದೆಂದು ಕೇಳಿಕೊಳ್ಳುವುದೇ ಈ ವ್ರತದ ದಾರಿ.

"ಮಾಡಿದವರು ಬೇರೆ, ದೋಷ ಯಾರಿಗೆ?"

ಹೊರಗಿನ ಊಟವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಒಂದು ವಾದವನ್ನು ಮುಂದಿಡುತ್ತಾರೆ. ಮನೆಯಲ್ಲಿ ಅಡುಗೆ ಮಾಡಿದರೆ ನೀರು, ಬೆಂಕಿ, ಕಸಬರಿಕೆ ಮುಂತಾದ ಆರಂಭದೋಷಗಳು ತಮಗೆ ತಗಲುತ್ತವೆ. ಹೋಟೆಲಿನಲ್ಲಿ ಅವೆಲ್ಲ ಬೇರೆಯವರದು. ಮೇಲಾಗಿ ಆ ಅಡುಗೆ ಹೇಗೂ ಆಗಿಯೇ ಇರುತ್ತದೆ ಎಂಬುದೇ ಆ ವಾದ.

ಈ ವಾದಕ್ಕೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉತ್ತರವಿದೆ. ಜೀವಾಧಿಕರಣದ ಭೇದಗಳನ್ನು ಹೇಳುವಾಗ ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನೋವಚನಕಾಯಗಳೆಂಬ ಮೂರರಿಂದ, ಕೃತ, ಕಾರಿತ, ಅನುಮತ ಎಂಬ ಮೂರರಿಂದ, ನಾಲ್ಕು ಕಷಾಯಗಳಿಂದ ಗುಣಿಸಿ 108 ಭೇದಗಳನ್ನು ಎಣಿಸಲಾಗಿದೆ. ತಾನೇ ಮಾಡಿದುದು ಮಾತ್ರವಲ್ಲದೆ ಮಾಡಿಸಿದುದೂ, ಒಪ್ಪಿದುದೂ ತನ್ನ ಲೆಕ್ಕಕ್ಕೆ ಸೇರುತ್ತವೆ. ಹಣ ಕೊಟ್ಟು "ಇಂತಹುದನ್ನು ತರಿಸು" ಎಂದ ಮೇಲೆ ಅದು ಕಾರಿತವಾಯಿತು. ರುಚಿಯನ್ನು ಹೊಗಳಿದಾಗ ಅನುಮತವೂ ಆಯಿತು.

ತಮಗಾಗಿ ಮಾಡದ ಆಹಾರವನ್ನು ಸ್ವೀಕರಿಸುವ ಮಾತು ಉದ್ದಿಷ್ಟತ್ಯಾಗಿಗಳಿಗೆ ಸಂಬಂಧಿಸಿದ್ದು. ಹನ್ನೊಂದನೆಯ ಪ್ರತಿಮೆಯವರೂ ಮುನಿಗಳೂ ಬೇಡುವುದಿಲ್ಲ, ಆರಿಸುವುದಿಲ್ಲ, ಶ್ರಾವಕರು ತಮ್ಮ ಮನೆಯಲ್ಲಿ ಮಾಡಿಕೊಂಡ ಶುದ್ಧಾಹಾರವನ್ನು ವಿಧಿಪೂರ್ವಕವಾಗಿ ಕೊಟ್ಟರೆ ಸ್ವೀಕರಿಸುತ್ತಾರೆ. ಪಟ್ಟಿ ನೋಡಿ ಆರಿಸಿ ತರಿಸಿಕೊಳ್ಳುವ ಗೃಹಸ್ಥನು ಆ ಆಧಾರವನ್ನು ತನಗೆ ಅನ್ವಯಿಸಿಕೊಳ್ಳುವುದು ಯುಕ್ತವಾಗದು.

ಹಾಗೆಂದು ಬಿಡಾರದ ಅಡುಗೆಯು ತಾನಾಗಿಯೇ ನಿರ್ದೋಷವೆಂದೂ ತಿಳಿಯಬಾರದು. ಪ್ರಮಾದಯೋಗದಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆಯೆಂದು ಅದೇ ಗ್ರಂಥದ ಏಳನೆಯ ಅಧ್ಯಾಯವು ತಿಳಿಸುತ್ತದೆ. ವಾರಗಟ್ಟಲೆ ಮುಚ್ಚಿದ್ದ ಬಾಡಿಗೆಯ ಕುಟೀರದ ಅಡುಗೆಮನೆಯಲ್ಲಿ ಒಲೆಯ ಕೆಳಗೆ ಇರುವೆಯ ಸಾಲು, ಪಾತ್ರೆಗಳ ಹಿಂದೆ ಜೇಡರಬಲೆ, ಕಪಾಟಿನಲ್ಲಿ ಜಿರಲೆ ಇರುವುದು ಸಹಜ. ಬಂದ ಕೂಡಲೇ ನೋಡದೆ ಒಲೆ ಹೊತ್ತಿಸುವವನಿಗಿಂತ, ದಿನವೂ ಬಳಸಿ ದಿನವೂ ಶುಚಿಮಾಡುವ ಭೋಜನಾಲಯದವನೇ ಆ ಅಂಶದಲ್ಲಿ ಮೇಲು. ಮೆತ್ತಗಿನ ಪೊರಕೆಯಿಂದ ಗುಡಿಸಿ, ಜೀವಿಗಳನ್ನು ಬದಿಗೆ ಸರಿಸಿ, ಬೆಳಕಿನಲ್ಲಿ ಪರೀಕ್ಷಿಸಿ, ಅನಂತರವೇ ಬೆಂಕಿ ಹೊತ್ತಿಸತಕ್ಕದ್ದು. ಈ ಯತ್ನಾಚಾರವಿದ್ದಾಗ ಮಾತ್ರ ಸ್ವಂತ ಅಡುಗೆಯ ಹಿರಿಮೆ ನಿಲ್ಲುತ್ತದೆ.

ಸ್ಥಳವನ್ನು ಅರಿತು ಹೊರಡುವುದು

ಕೊಡಗಿನ ಉದಾಹರಣೆಯನ್ನು ತೆಗೆದುಕೊಂಡುದಕ್ಕೆ ಕಾರಣವಿದೆ. ಮದ್ಯ, ಮಾಂಸ, ಮಧು ಎಂಬ ಮೂರು ಮಕಾರಗಳೂ ಅಲ್ಲಿ ಪ್ರವಾಸಿಗನಿಗೆ ಸುಲಭವಾಗಿ ಎದುರಾಗುತ್ತವೆ. ಅಲ್ಲಿನವರ ಊಟದಲ್ಲಿ ಮಾಂಸಕ್ಕೆ ರೂಢಿಯ ಸ್ಥಾನವಿದೆ. ಮನೆಯಲ್ಲಿ ತಯಾರಿಸಿದ ವೈನನ್ನು ಅಂಗಡಿಗಳಲ್ಲಿ ಇಟ್ಟಿರುತ್ತಾರೆ. ಕೊಡಗಿನ ಜೇನು ಹೆಸರಾದದ್ದು. ಅದು ಅವರ ರೀತಿ. ಅತಿಥಿಯಾಗಿ ಹೋದವನು ಅದನ್ನು ಹೀನಾಯವಾಗಿ ಮಾತನಾಡುವುದು ಸಲ್ಲದು. ಆದರೆ ತನ್ನ ರೀತಿಯನ್ನು ಮರೆಯುವುದೂ ಸಲ್ಲದು.

ಹೋಂಸ್ಟೇಗಳಲ್ಲಿ ಬಹುಪಾಲು ಒಂದೇ ಅಡುಗೆಮನೆ ಇರುತ್ತದೆ. ಸಸ್ಯಾಹಾರವನ್ನು ಬೇರೆಯಾಗಿ ಮಾಡಿದರೂ ಸೌಟು, ಬಾಣಲೆ, ಕರಿಯುವ ಎಣ್ಣೆ ಬೇರೆಯಾಗಿರುತ್ತವೆಂದು ಹೇಳಲಾಗದು. ಮಳೆಗಾಲದಲ್ಲಿ ಅಣಬೆಯೂ ಬಿದಿರಿನ ಎಳೆಯ ಮೊಳಕೆಯಾದ ಕಳಲೆಯೂ ಅಲ್ಲಿನ ಅಡುಗೆಯಲ್ಲಿ ಸೇರುತ್ತವೆ. ಬೆಳಗಿನ ಉಪಾಹಾರದ ಮೇಜಿನಲ್ಲಿ ಜೇನಿನ ಬಟ್ಟಲು ಇರುವುದು ಸಾಮಾನ್ಯ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ನಿಶ್ಚಿಂತರಾಗುವವರೂ ಉಂಟು. ಆ ಗುರುತು ಸಸ್ಯಾಹಾರವೆಂಬುದನ್ನು ಮಾತ್ರ ತಿಳಿಸುತ್ತದೆ. ಜೇನುತುಪ್ಪದ ಸೀಸೆಯ ಮೇಲೆಯೂ ಆಲೂಗಡ್ಡೆಯ ಉಪ್ಪೇರಿಯ ಪೊಟ್ಟಣದ ಮೇಲೆಯೂ ಹಸಿರು ಚುಕ್ಕೆ ಇರುತ್ತದೆ. ಶ್ರಾವಕನ ಭಕ್ಷ್ಯಾಭಕ್ಷ್ಯ ವಿವೇಕವನ್ನು ಆ ಚುಕ್ಕೆಗೆ ಒಪ್ಪಿಸಿಬಿಡುವಂತಿಲ್ಲ.

ಸಮಂತಭದ್ರರು ತ್ಯಾಜ್ಯವಸ್ತುಗಳನ್ನು ಕಾರಣಸಹಿತವಾಗಿ ವಿಂಗಡಿಸಿದ್ದಾರೆ. ತ್ರಸಜೀವಿಗಳ ಘಾತವನ್ನು ತಪ್ಪಿಸಲು ಮಾಂಸ ಮತ್ತು ಮಧು. ಪ್ರಮಾದವನ್ನು ತಪ್ಪಿಸಲು ಮದ್ಯ. ಅಲ್ಪಫಲ ಬಹುವಿಘಾತವೆಂಬ ಕಾರಣದಿಂದ ಮೂಲಂಗಿ, ಹಸಿಶುಂಠಿ, ಬೆಣ್ಣೆ ಮುಂತಾದವು. ಇವಲ್ಲದೆ ತನಗೆ ಅನಿಷ್ಟವಾದುದು ಮತ್ತು ಸತ್ಪುರುಷರು ಸೇವಿಸದಿರುವುದು. ಮಕ್ಕಳಿಗೆ ಈ ಕಾರಣಗಳನ್ನು ತಿಳಿಸಿದರೆ ಅವರು ಎಲ್ಲಿಯೇ ಇದ್ದರೂ ಸ್ವತಃ ನಿರ್ಣಯಿಸಬಲ್ಲರು. "ಅದು ಬೇಡ, ಇದು ಬೇಡ" ಎಂಬ ಪಟ್ಟಿಯನ್ನಷ್ಟೇ ಕೊಟ್ಟರೆ ಪಟ್ಟಿಯಲ್ಲಿಲ್ಲದ ಹೊಸ ತಿನಿಸು ಎದುರಾದಾಗ ಅವರು ದಿಕ್ಕು ತಪ್ಪುತ್ತಾರೆ.

ಕಾಲಮರ್ಯಾದೆಯ ಲೆಕ್ಕ

ಬಿಡಾರದಲ್ಲಿ ಅಡುಗೆ ಮಾಡುವುದೆಂದು ನಿಶ್ಚಯಿಸಿದವರು ಪದಾರ್ಥಗಳ ಮರ್ಯಾದೆಯನ್ನು ಮೊದಲೇ ಲೆಕ್ಕಹಾಕಿ ಹೊರಡಬೇಕು. ಪರಂಪರೆಯಲ್ಲಿ ನಡೆದುಬಂದ ಮಿತಿಗಳು ಹೀಗಿವೆ.

ಹಿಟ್ಟು: ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ.
ಅನ್ನ, ಬೇಳೆ, ಸಾರು: 2 ಪ್ರಹರ, ಅಂದರೆ 6 ಗಂಟೆ.
ಚಪಾತಿ, ಪೂರಿ, ರೊಟ್ಟಿ: 4 ಪ್ರಹರ, ಅಂದರೆ 12 ಗಂಟೆ.
ಕರಿದ ಗಟ್ಟಿ ತಿಂಡಿ: 8 ಪ್ರಹರ, ಅಂದರೆ 24 ಗಂಟೆ.
ನೀರು ಸೋಕದೆ ತುಪ್ಪ, ಸಕ್ಕರೆ, ಹಿಟ್ಟುಗಳಿಂದಷ್ಟೇ ಮಾಡಿದ ಉಂಡೆ: ಹಿಟ್ಟಿನ ಮರ್ಯಾದೆಯಷ್ಟು.
ಸೋಸಿದ ನೀರು: 48 ನಿಮಿಷ, ಲವಂಗ ಮುಂತಾದವುಗಳಿಂದ ಪ್ರಾಸುಕ ಮಾಡಿದುದು: 6 ಗಂಟೆ, ಚೆನ್ನಾಗಿ ಕುದಿಸಿದುದು: 24 ಗಂಟೆ.

ಇಲ್ಲಿ ಹಲವರು ಎಡವುವ ಸ್ಥಳವೊಂದಿದೆ. ಆಷಾಢದ ಅಷ್ಟಾಹ್ನಿಕದಿಂದ ಕಾರ್ತಿಕದ ಅಷ್ಟಾಹ್ನಿಕದವರೆಗೆ ಮಳೆಗಾಲದ ಲೆಕ್ಕ, ಅಲ್ಲಿಂದ ಫಾಲ್ಗುಣದ ಅಷ್ಟಾಹ್ನಿಕದವರೆಗೆ ಚಳಿಗಾಲದ ಲೆಕ್ಕ, ಉಳಿದುದು ಬೇಸಗೆ. ದಸರೆಯು ಆಶ್ವಯುಜದಲ್ಲಿ ಬರುವುದರಿಂದ, ಆಕಾಶ ತಿಳಿಯಾಗಿ ಮಳೆ ನಿಂತಿದ್ದರೂ ಹಿಟ್ಟಿನ ಮರ್ಯಾದೆ 3 ದಿನವೇ. ಉದಾಹರಣೆಯ ಕುಟುಂಬವು ಹೊರಡುವ ದಿನ ಬೆಳಿಗ್ಗೆ ಹಿಟ್ಟು ಬೀಸಿಕೊಂಡರೆ ಮೂರನೆಯ ದಿನದವರೆಗೆ ಚಪಾತಿ ಆದೀತು. ರವೆಯೂ ಒಡೆದ ಧಾನ್ಯವೇ ಆದುದರಿಂದ ಅದಕ್ಕೂ ಇದೇ ಲೆಕ್ಕ. ನಾಲ್ಕನೆಯ ದಿನಕ್ಕೆ ಅಕ್ಕಿ, ಬೇಳೆಗಳೇ ಗತಿ. ಇದನ್ನು ಮೊದಲೇ ತಿಳಿದಿದ್ದರೆ ಕೊನೆಯ ದಿನ ಹುಗ್ಗಿ ಮಾಡುವುದೆಂದು ಬರೆದಿಟ್ಟುಕೊಳ್ಳಬಹುದು.

ಪ್ರಯಾಣದ ದಿನದ ಬುತ್ತಿಯನ್ನೂ ಇದೇ ರೀತಿ ಯೋಚಿಸಬೇಕು. ಬೆಳಗಿನ ಜಾವ ದೀಪದ ಬೆಳಕಿನಲ್ಲಿ ಅಡುಗೆ ಮಾಡಿ ನಾಲ್ಕು ಗಂಟೆಗೆ ಹೊರಡುವ ಬದಲು, ಸೂರ್ಯೋದಯವಾದ ಮೇಲೆ ಅಡುಗೆ ಮುಗಿಸಿ ಎಂಟು ಗಂಟೆಗೆ ಹೊರಡುವುದು ಲೇಸು. ಏಳು ಗಂಟೆಗೆ ಮಾಡಿದ ಚಿತ್ರಾನ್ನವನ್ನು ಮಧ್ಯಾಹ್ನ ಒಂದರೊಳಗೆ ಮುಗಿಸಬೇಕು. ಅದೇ ಹೊತ್ತಿಗೆ ಮಾಡಿದ ಚಪಾತಿಯು ಸಂಜೆಯ ಊಟಕ್ಕೂ ಒದಗುತ್ತದೆ. ಬೇಳೆಹಿಟ್ಟು ಬೆರೆತ ಪಲ್ಯಕ್ಕೆ ಕಾಯಿಸದ ಹಾಲಿನ ಮೊಸರನ್ನು ಕಲಸಿದರೆ ದ್ವಿದಳ ದೋಷವಾಗುವುದರಿಂದ ಬುತ್ತಿಯಲ್ಲಿ ಆ ಜೋಡಿಯನ್ನು ಬಿಡುವುದೇ ಒಳ್ಳೆಯದು.

ನೀರಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸುಮಾರು 36 ಅಂಗುಲ ಉದ್ದ, 24 ಅಂಗುಲ ಅಗಲದ ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಸೋಸತಕ್ಕದ್ದು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ನೀರಿನ ಮೂಲಸ್ಥಾನಕ್ಕೆ ಮರಳಿಸುವುದು ಜಲಗಾಲನದ ಮುಖ್ಯ ಅಂಗ. ನಲ್ಲಿಯ ನೀರಿನಲ್ಲಿ ಇದು ಕಷ್ಟ. ತೋಟದ ನಡುವಿನ ಹೋಂಸ್ಟೇಗಳಲ್ಲಿ ತೆರೆದ ಬಾವಿಗಳು ಇರುವುದುಂಟು. ಬಾವಿಯಿದ್ದ ಸ್ಥಳವನ್ನು ಆರಿಸಿಕೊಂಡರೆ ಅಜ್ಜಿಯ ನಿಯಮಕ್ಕೆ ಅನುಕೂಲ. ಬೆಳಿಗ್ಗೆ ಒಮ್ಮೆ ಸೋಸಿ ಚೆನ್ನಾಗಿ ಕುದಿಸಿಟ್ಟರೆ ಮನೆಮಂದಿಗೆಲ್ಲ ಇಡೀ ದಿನಕ್ಕೆ ಸಾಕಾಗುತ್ತದೆ; ಗಂಟೆಗೊಮ್ಮೆ ಸೋಸುವ ಶ್ರಮ ಉಳಿಯುತ್ತದೆ.

ಸೂರ್ಯಾಸ್ತವೆಂಬ ಗಡಿ

ರೆಸಾರ್ಟುಗಳಲ್ಲಿ ರಾತ್ರಿಯ ಊಟ ಏಳೂವರೆ, ಎಂಟು ಗಂಟೆಗೆ ಆರಂಭವಾಗುತ್ತದೆ. ಶ್ರಾವಕನ ದಿನವೋ ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಇರುವಾಗಲೇ ಊಟ ಮುಗಿಸುವುದು ಉತ್ತಮ ಪದ್ಧತಿ. ದಸರೆಯ ವೇಳೆಗೆ ಮಡಿಕೇರಿಯಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುವುದರಿಂದ ಐದೂಕಾಲರೊಳಗೆ ಊಟವಾಗಬೇಕು. ರಾಜಾಸೀಟಿಗೆ ಜನರು ಹೋಗುವುದೇ ಸೂರ್ಯಾಸ್ತವನ್ನು ನೋಡಲೆಂದು. ಹಿಂದಿರುಗಿದ ಮೇಲೆ ಉಣ್ಣುವೆವೆಂದರೆ ರಾತ್ರಿಯಾಗುತ್ತದೆ. ಉಂಡೇ ಹೊರಟರೆ ಸೂರ್ಯಾಸ್ತದ ದರ್ಶನವೂ ಆಗುತ್ತದೆ, ನಿಯಮವೂ ಉಳಿಯುತ್ತದೆ. ತೋಟಗಳ ನಡುವೆ ದೀಪ ಹೊತ್ತಿಸಿದೊಡನೆ ರೆಕ್ಕೆಯ ಹುಳುಗಳು ಗುಂಪುಗುಂಪಾಗಿ ಮುತ್ತುವುದನ್ನು ಮಕ್ಕಳಿಗೆ ತೋರಿಸಿದರೆ ರಾತ್ರಿಭೋಜನ ತ್ಯಾಗದ ಒಂದು ಕಾರಣವು ಅವರ ಕಣ್ಣಿಗೇ ಕಾಣುತ್ತದೆ. ಹಗಲೂಟ ಸಾಧ್ಯವಿದ್ದರೂ ರಾತ್ರಿಯೇ ಉಣ್ಣುವೆನೆಂಬುದರಲ್ಲಿ ರಾಗದ ಆಧಿಕ್ಯವಿದೆ ಎಂಬುದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತೋರಿಸಿದ ಇನ್ನೊಂದು ಕಾರಣ. ಮೊದಲನೆಯದು ತಟ್ಟೆಯ ಪರೀಕ್ಷೆಗೂ ಎರಡನೆಯದು ಮನಸ್ಸಿನ ಪರೀಕ್ಷೆಗೂ ಸೇರಿದವೆಂಬುದನ್ನು ಗಮನಿಸಬೇಕು.

ಒಲೆಯ ಮುಂದೆ ಯಾರು?

ಈಗ ಸೊಸೆಯ ಮೌನದ ವಿಷಯ. ನಾಲ್ವರು ಅಬ್ಬಿ ಜಲಪಾತವನ್ನು ನೋಡಲು ಹೋಗಿ ಒಬ್ಬಳು ಬಿಡಾರದಲ್ಲಿ ಪಾತ್ರೆ ತೊಳೆಯುತ್ತ ಉಳಿದರೆ, ಆ ಮನೆಯ ಆಚಾರವು ಆಕೆಯ ಹೆಗಲ ಮೇಲೆ ನಿಂತಂತಾಯಿತು. ವ್ರತವನ್ನು ಧರಿಸಿದವರು ಅದರ ಭಾರವನ್ನೂ ಧರಿಸತಕ್ಕದ್ದು ನ್ಯಾಯ. ಇದಕ್ಕೆ ಎರಡು ಉಪಾಯಗಳಿವೆ.

ಮೊದಲನೆಯದು ಕೆಲಸದ ಹಂಚಿಕೆ. ನೀರು ಸೇದಿ ಸೋಸಿ ಕುದಿಸುವುದು ಗಂಡನ ಪಾಲು. ಧಾನ್ಯ ಆರಿಸುವುದು, ತರಕಾರಿಯನ್ನು ಹುಳು ನೋಡಿ ಬಿಡಿಸುವುದು ಅಜ್ಜಿ ಮತ್ತು ಮಕ್ಕಳ ಪಾಲು. ಉಂಡ ತಟ್ಟೆಯನ್ನು ಅವರವರೇ ತೊಳೆಯುವುದು, ಎಂಜಲು ಬಿಡದಿರುವುದು ಎಲ್ಲರ ಪಾಲು. ನಾಲ್ಕು ದಿನ ಅಜ್ಜಿಯ ಪಕ್ಕದಲ್ಲಿ ಕುಳಿತು ಬೇಳೆ ಆರಿಸಿದ ಮಗುವು ಜೀವದಯೆಯ ಪಾಠವನ್ನು ಪುಸ್ತಕದಿಂದ ಕಲಿಯುವುದಕ್ಕಿಂತ ಚೆನ್ನಾಗಿ ಕಲಿಯುತ್ತದೆ.

ಎರಡನೆಯದು ಅಡುಗೆಯನ್ನೇ ಕಿರಿದುಗೊಳಿಸುವುದು. ಬಾಹ್ಯತಪಸ್ಸುಗಳು ಆರು: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಇವುಗಳಲ್ಲಿ ಅವಮೌದರ್ಯವನ್ನೂ ರಸಪರಿತ್ಯಾಗವನ್ನೂ ಗೃಹಸ್ಥನು ಪ್ರವಾಸದಲ್ಲಿ ತನ್ನ ಶಕ್ತಿಗೆ ತಕ್ಕಂತೆ ಅಭ್ಯಾಸ ಮಾಡಬಹುದು. ಪೊಟ್ಟಣದ ಹಾಲು ಕರೆದ ಎರಡು ಘಳಿಗೆಯೊಳಗೆ ಕಾದುದೆಂದು ಹೇಳಲಾಗದ್ದರಿಂದ ಶೋಧದ ಊಟದವರು ಆ ನಾಲ್ಕು ದಿನ ಹಾಲು ಮೊಸರುಗಳನ್ನೇ ಬಿಟ್ಟರೆ, ತೊಡಕೂ ತೀರಿತು, ರಸಪರಿತ್ಯಾಗವೂ ಆಯಿತು. ಒಂದು ಹೊತ್ತಿಗೆ ಒಂದೇ ಪಾತ್ರೆಯ ಅಡುಗೆ, ಜೊತೆಗೆ ಹಣ್ಣು ಎಂದು ಮಿತಿ ಹಾಕಿಕೊಂಡರೆ ಅರ್ಧ ಗಂಟೆಯಲ್ಲಿ ಕುಕ್ಕರಿನ ಅಡುಗೆ ಮುಗಿಯುತ್ತದೆ. ಪ್ರವಾಸದ ನಡುವೆ ಅಷ್ಟಮಿ ಅಥವಾ ಚತುರ್ದಶಿ ಬಂದರೆ ಶಕ್ತಿಯಿದ್ದವರು ಉಪವಾಸ ಅಥವಾ ಏಕಭುಕ್ತ ಮಾಡಬಹುದು. ಆ ದಿನ ಊರು ಸುತ್ತುವುದನ್ನು ಕಡಿಮೆ ಮಾಡಿ ಸ್ವಾಧ್ಯಾಯಕ್ಕೆ ಸಮಯ ಕೊಡಬೇಕು. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ 11ನೆಯ ಶತಮಾನದ ಕೊಂಗಾಳ್ವರ ಕಾಲದ ಬಸದಿಗಳಿವೆ. ಪರ್ವದ ದಿನವನ್ನು ಅವುಗಳ ದರ್ಶನಕ್ಕೆ ಮೀಸಲಿಟ್ಟರೆ ವಿಹಾರವು ಯಾತ್ರೆಯೂ ಆಗುತ್ತದೆ.

ಬಿಡಾರದ ಪಾತ್ರೆಗಳಲ್ಲಿ ಹಿಂದೆ ಏನು ಬೆಂದಿತ್ತೋ ತಿಳಿಯದು. ಆದುದರಿಂದ ಒಂದು ಕುಕ್ಕರು, ಒಂದು ತವೆ, ಎರಡು ಪಾತ್ರೆ, ಸೌಟು, ಚಾಕು, ತಲೆಗೊಂದು ತಟ್ಟೆಲೋಟ ಮನೆಯಿಂದಲೇ ಒಯ್ಯತಕ್ಕದ್ದು. ಇದಕ್ಕಿಂತ ಹೆಚ್ಚು ಬೇಕೆನಿಸಿದರೆ ಅಡುಗೆಯು ಮಿತಿ ಮೀರಿದೆಯೆಂದೇ ತಿಳಿಯಬೇಕು.

ಹೊರಗೆ ಉಣ್ಣಲೇಬೇಕಾದಾಗ

ಎಲ್ಲರಿಗೂ ಅಡುಗೆಮನೆಯಿರುವ ಬಿಡಾರ ದೊರೆಯಲಾರದು. ಅನಾರೋಗ್ಯ, ವಾಹನದ ತೊಂದರೆ ಮುಂತಾದ ಕಾರಣಗಳಿಂದ ಯೋಜನೆ ಕೆಡುವುದೂ ಉಂಟು. ಅಂತಹ ಸಮಯದಲ್ಲಿ ಮೂಲಗುಣಗಳಿಗೆ ಭಂಗ ಬಾರದಂತೆ ನೋಡಿಕೊಳ್ಳುವುದು ಮೊದಲ ಕರ್ತವ್ಯ.

ಶುದ್ಧ ಸಸ್ಯಾಹಾರದ ಭೋಜನಾಲಯವನ್ನೇ ಹುಡುಕಬೇಕು. ಪಟ್ಟಿಯಲ್ಲಿ "ಜೈನ್" ಎಂದು ಬರೆದಿದ್ದ ಮಾತ್ರಕ್ಕೆ ತೃಪ್ತರಾಗಬಾರದು. ಅಡುಗೆಯವರು ಸಾಮಾನ್ಯವಾಗಿ ಅದರಿಂದ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲದ ಊಟವೆಂದು ಅರ್ಥಮಾಡುತ್ತಾರೆಯೇ ಹೊರತು ನೀರು, ಹಿಟ್ಟು, ಕಾಲ ಇವುಗಳ ಮರ್ಯಾದೆಯು ಅವರಿಗೆ ತಿಳಿದಿರುವುದಿಲ್ಲ. ಅನೇಕ ಹೋಟೆಲುಗಳಲ್ಲಿ ಪಲ್ಯಗಳಿಗೆ ಬೇಕಾದ ಗಟ್ಟಿ ಮಸಾಲೆಯನ್ನು ಈರುಳ್ಳಿ ಹಾಕಿ ಮೊದಲೇ ಮಾಡಿ ತಂಪುಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಅಂತಹ ಪಲ್ಯಗಳನ್ನು ಬಿಟ್ಟು ಬಿಸಿಯನ್ನ, ಒಗ್ಗರಣೆಯ ತೊವ್ವೆ, ಆಗಲೇ ಸುಟ್ಟ ಚಪಾತಿ, ಕಣ್ಣೆದುರು ಕತ್ತರಿಸಿದ ಹಣ್ಣು ಇಷ್ಟನ್ನು ಕೇಳಿಕೊಳ್ಳಬೇಕು. ಮೊಸರುವಡೆಯಲ್ಲಿ ದ್ವಿದಳದ ಶಂಕೆಯುಂಟು. ಕೇಕಿನಲ್ಲಿ ಮೊಟ್ಟೆ, ಹಣ್ಣಿನ ರಸಾಯನದಲ್ಲಿ ಜೇನು, ನಡುಗುವ ಜೆಲ್ಲಿಯಲ್ಲಿ ಪ್ರಾಣಿಜನ್ಯ ಅಂಟು ಇರಬಹುದಾದುದರಿಂದ ವಿಚಾರಿಸದೆ ಮುಟ್ಟಬಾರದು. ಬಫೆಯಲ್ಲಿ ಒಂದೇ ಮೇಜಿನ ಮೇಲೆ ಎರಡೂ ಬಗೆಯ ಅಡುಗೆಯಿದ್ದು ಸೌಟುಗಳು ಅದಲುಬದಲಾಗುವಲ್ಲಿ ಉಣ್ಣದಿರುವುದೇ ಕ್ಷೇಮ. ರೆಸಾರ್ಟಿನವರಿಗೆ ಹಿಂದಿನ ದಿನವೇ ವಿನಯದಿಂದ ತಿಳಿಸಿದರೆ ಐದು ಗಂಟೆಯೊಳಗೆ ಬೇರೆ ಪಾತ್ರೆಯಲ್ಲಿ ಅನ್ನ ತೊವ್ವೆ ಮಾಡಿಕೊಡುವವರು ಇದ್ದೇ ಇದ್ದಾರೆ. ಬಡಿಸುವ ಹೊತ್ತಿನಲ್ಲಿ ಗದರಿಸುವುದರಿಂದ ಊಟವೂ ಸಿಗದು, ಕಷಾಯವೂ ಬೆಳೆಯುತ್ತದೆ.

ಶೋಧದ ಊಟದವರಿಗೆ ಇದು ಸಾಲದು. ಅವರಿಗೆ ಹಣ್ಣು, ಮರ್ಯಾದೆಯೊಳಗಿನ ಉಂಡೆ, ಸ್ವತಃ ಸೋಸಿ ಕುದಿಸಿದ ನೀರು ಇಷ್ಟರಿಂದ ಒಂದು ಹೊತ್ತನ್ನು ಕಳೆಯಬಹುದು. ದಿನಗಟ್ಟಲೆ ಹೀಗಾಗುವ ಸ್ಥಳಕ್ಕೆ ಅವರನ್ನು ಕರೆದೊಯ್ಯುವುದು ಸರಿಯಲ್ಲ. ಅವರನ್ನು ಬಿಟ್ಟು ಹೋಗುವುದಕ್ಕಿಂತ ಸ್ಥಳವನ್ನು ಬದಲಿಸುವುದು ಮೇಲು. ಔಷಧ ಸೇವಿಸುವ ವೃದ್ಧರೂ ಚಿಕ್ಕ ಮಕ್ಕಳೂ ಹಸಿದು ಕಂಗೆಡುವಂತೆ ಮಾಡಬಾರದು. ಷೋಡಶ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳು ಶಕ್ತಿಗೆ ತಕ್ಕಂತೆ ಇರಬೇಕೆಂದೇ ಹೇಳಿದೆ.

ಹೊರಡುವ ಮೊದಲಿನ ನಿಯಮ

ಭೋಗೋಪಭೋಗಗಳ ತ್ಯಾಗವು ಎರಡು ಬಗೆಯೆಂದು ಸಮಂತಭದ್ರರು ತಿಳಿಸುತ್ತಾರೆ: ಜೀವಾವಧಿಯದು ಯಮ, ಕಾಲಮಿತಿಯುಳ್ಳದ್ದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಅವಧಿಯನ್ನು ಹಾಕಿಕೊಳ್ಳಲು ಅಲ್ಲಿ ಅವಕಾಶವಿದೆ. ನಾಲ್ಕು ದಿನಗಳ ಪ್ರವಾಸಕ್ಕೆ ಇದಕ್ಕಿಂತ ತಕ್ಕ ಸಾಧನವಿಲ್ಲ. ಹೊರಡುವ ಹಿಂದಿನ ಸಂಜೆ ಬಸದಿಯಲ್ಲಿ, ಅಥವಾ ಮನೆಯ ದೇವರ ಮುಂದೆ, ಎಲ್ಲರೂ ಕುಳಿತು ಇಂತಹ ನಿಯಮವನ್ನು ಸ್ವೀಕರಿಸಬಹುದು:

"ಈ ನಾಲ್ಕು ದಿನ ಕೊಡಗಿನ ಗಡಿಯನ್ನು ದಾಟಿ ಮುಂದೆ ಹೋಗೆವು. ದಿನಕ್ಕೆ ಎರಡು ಊಟಕ್ಕೆ ಮೀರೆವು. ಊಟಕ್ಕೆ ಒಂದು ಅಡುಗೆ, ಒಂದು ಹಣ್ಣು. ಸೂರ್ಯಾಸ್ತದ ಅನಂತರ ಆಹಾರವಿಲ್ಲ. ಅಡುಗೆಯ ಕೆಲಸದಲ್ಲಿ ಪ್ರತಿಯೊಬ್ಬರಿಗೂ ಪಾಲು. ಅನಿವಾರ್ಯವಾದರೆ ಶುದ್ಧ ಸಸ್ಯಾಹಾರದ ಭೋಜನಾಲಯದಲ್ಲಿ ಒಂದು ಹೊತ್ತು ಮಾತ್ರ."

ಇದರಲ್ಲಿ ದೇಶವ್ರತದ ಅಂಶವೂ ಭೋಗೋಪಭೋಗ ಪರಿಮಾಣದ ಅಂಶವೂ ಸೇರಿವೆ. ನಿಯಮವನ್ನು ಮನೆಯಲ್ಲಿಯೇ ತೆಗೆದುಕೊಂಡಿದ್ದರೆ ಅಲ್ಲಿ ಚರ್ಚೆಗೆ ಎಡೆಯಿರುವುದಿಲ್ಲ. ಹಸಿವಾದಾಗ, ಮೂಗಿಗೆ ಒಗ್ಗರಣೆಯ ಕಂಪು ಬಡಿದಾಗ ಮಾಡುವ ನಿರ್ಣಯವು ನಾಲಗೆಯದೇ ಆಗಿರುತ್ತದೆ. ಮಕ್ಕಳಿಂದಲೂ ಅವರ ಒಪ್ಪಿಗೆಯಿಂದ ಒಂದು ಚಿಕ್ಕ ನಿಯಮವನ್ನು ತೆಗೆದುಕೊಳ್ಳಿಸಬೇಕು. ಜೇನನ್ನು ಮುಟ್ಟೆನೆಂಬಷ್ಟಾದರೂ ಸಾಕು. ತಾನೇ ಸ್ವೀಕರಿಸಿದ ನಿಯಮವನ್ನು ಪೂರೈಸಿ ಹಿಂದಿರುಗಿದ ಮಗುವಿಗೆ ವ್ರತವು ಹೇರಿಕೆಯಾಗಿ ತೋರುವುದಿಲ್ಲ.

ಹೀಗೆ ಹೊರಟ ಕುಟುಂಬದಲ್ಲಿ ಅಜ್ಜಿ ಮನೆಯಲ್ಲಿ ಒಬ್ಬರೇ ಉಳಿಯಬೇಕಾಗಿಲ್ಲ, ಸೊಸೆ ಒಲೆಗೆ ಅಂಟಿಕೊಳ್ಳಬೇಕಾಗಿಲ್ಲ, ಮಗ ನಿಯಮವನ್ನು ಮುರಿಯಬೇಕಾಗಿಲ್ಲ. ಮರಳಿದ ಮೇಲೆ ನಿಯಮದಲ್ಲಿ ಎಲ್ಲಿಯಾದರೂ ಲೋಪವಾಗಿದ್ದರೆ ಆಲೋಚನೆ ಮಾಡಿಕೊಂಡು, ಶಕ್ತ್ಯನುಸಾರ ಒಂದು ಏಕಭುಕ್ತದಿಂದ ಮನಸ್ಸನ್ನು ಹಗುರಗೊಳಿಸಿಕೊಳ್ಳಬೇಕು. ಉಂಡ ತಿನಿಸುಗಳನ್ನು ತಿಂಗಳುಗಟ್ಟಲೆ ಹೊಗಳುತ್ತ ಕುಳಿತರೆ ಅದೂ ಒಂದು ಅತಿಚಾರವೆಂಬುದನ್ನು ಮರೆಯಬಾರದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಭೋಗೋಪಭೋಗ ಪರಿಮಾಣ ವ್ರತಕ್ಕೆ ಉಮಾಸ್ವಾಮಿಗಳೂ ಸಮಂತಭದ್ರರೂ ಹೇಳಿದ ಅತಿಚಾರಗಳಲ್ಲಿ ಇರುವ ವ್ಯತ್ಯಾಸವೇನು?
2. ಹೋಟೆಲಿನ ಅಡುಗೆಯ ಆರಂಭದೋಷ ಉಣ್ಣುವವನಿಗೆ ತಗಲದೆಂಬ ವಾದವನ್ನು ಕೃತ, ಕಾರಿತ, ಅನುಮತಗಳ ಆಧಾರದಿಂದ ಪರೀಕ್ಷಿಸಿರಿ.
3. ಮೇ ತಿಂಗಳಿನಲ್ಲಿ ಆರು ದಿನಗಳ ಪ್ರವಾಸಕ್ಕೆ ಹೊರಡುವ ಕುಟುಂಬವು ಹಿಟ್ಟಿನ ಮರ್ಯಾದೆಯನ್ನು ಹೇಗೆ ಲೆಕ್ಕಹಾಕಬೇಕು?
4. ಯಮ, ನಿಯಮಗಳಿಗೆ ಭೇದವೇನು? ನಿಮ್ಮ ಮನೆಯ ಮುಂದಿನ ಪ್ರವಾಸಕ್ಕೆ ತಕ್ಕ ನಿಯಮವೊಂದನ್ನು ಎಲ್ಲರೂ ಕೂಡಿ ಬರೆಯಿರಿ.